ಉಪವಾಸಕ್ಕೆ ಉಳಿತಾಯವೆನ್ನದ ಮಂಗಲಾ ಮೇಡಂ

ಸೈನಿಕ ನೆಲೆಗಳ ದೀಪ, ನೀರು, ಬಿಸಿ, ತಂಪುಗಳನ್ನೆಲ್ಲ ಕಂಪ್ಯೂಟರಿನ ಹತೋಟಿಗೆ ಒಪ್ಪಿಸಿದ ಮೇಲೆ ನಿಜಕ್ಕೂ ಎಷ್ಟು ಇಂಧನ ಉಳಿಯಿತು ಎಂಬುದನ್ನು ತೂಗಿ ಹೇಳುವ ವಿದ್ಯೆ ನಮ್ಮಲ್ಲಿ ಇನ್ನೂ ಅಂಬೆಗಾಲಿಡುತ್ತಿದೆ. ಆ ವಿದ್ಯೆಯಲ್ಲಿ ಹೆಸರು ಹೇಳಿದ ಕೂಡಲೇ ಬಲ್ಲವರು ತಲೆದೂಗುವ ಬೆರಳೆಣಿಕೆಯ ಜನರಲ್ಲಿ, ಜಮಖಂಡಿಯ ನಮ್ಮ ತಾಂತ್ರಿಕ ಮಹಾವಿದ್ಯಾಲಯದ ಪ್ರಾಧ್ಯಾಪಕಿ ಶ್ರೀಮತಿ ಮಂಗಲಾ ಮುದಕಪ್ಪ ಹಟಗಾರ ಅವರೂ ಒಬ್ಬರು. ಅವರು ಈಗ ಸೇವೆಯಿಂದ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ಹೊರಬರುತ್ತಿರುವ ಈ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಮೊದಲು ಅವರ ವಿದ್ಯಾರ್ಥಿಯಾಗಿ, ಆಮೇಲೆ ಸಹೋದ್ಯೋಗಿಯಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಅವರ ಮಾಪನ ಯಂತ್ರಗಳ ಪೆಟ್ಟಿಗೆಯನ್ನು ದೇಶದ ಉದ್ದಗಲಕ್ಕೂ ಹೊತ್ತು ತಿರುಗಿದವನಾಗಿ, ಈ ಭಾಗ್ಯದಲ್ಲಿ ನನ್ನ ಹೆಗಲಿಗೂ ಒಂದು ಪಾಲಿದೆ ಎಂದುಕೊಂಡಿದ್ದೇನೆ.

ಮೇಡಂ ಅವರ ವಿಷಯವನ್ನು ಅರಿಯದವರಿಗಾಗಿ ಒಂದು ಮಾತು. ಖರ್ಚಾದ ವಿದ್ಯುತ್ತನ್ನು ತೋರಿಸಲು ಮೀಟರು ಇದೆ, ಖರ್ಚಾಗದೆ ಉಳಿದ ವಿದ್ಯುತ್ತನ್ನು ತೋರಿಸುವ ಮೀಟರನ್ನು ಯಾರೂ ಮಾಡಿಲ್ಲ. ಹೋದ ವರ್ಷಕ್ಕಿಂತ ಈ ವರ್ಷ ಬಿಲ್ಲು ಕಡಿಮೆ ಬಂತೆಂದು ಕಂಪ್ಯೂಟರಿಗೆ ಹಾರ ಹಾಕುವುದು ಸುಲಭ. ಆದರೆ ಈ ವರ್ಷ ಚಳಿಯೇ ಕಡಿಮೆ ಇದ್ದಿರಬಹುದು, ಅರ್ಧ ಪಡೆ ಬೇರೆ ಊರಿಗೆ ಹೋಗಿದ್ದಿರಬಹುದು. ಕಂಪ್ಯೂಟರು ಬಾರದೇ ಇದ್ದಿದ್ದರೆ ಈ ವರ್ಷ ಏನಾಗುತ್ತಿತ್ತು ಎಂದು ಮೊದಲು ಕಲ್ಪಿಸಿಕೊಳ್ಳಬೇಕು, ಆ ನಡೆಯದ ವರ್ಷವನ್ನು ನಡೆದ ವರ್ಷದ ಪಕ್ಕದಲ್ಲಿಟ್ಟು ಹೋಲಿಸಬೇಕು. ಮಧ್ಯಾಹ್ನದ ಊಟವಾದ ಮೇಲೆ ಮೇಡಂ ಈ ಪಾಠ ಮಾಡುತ್ತಿದ್ದರೆ, ಕಿಟಕಿಯಾಚೆ ಬೇವಿನ ನೆರಳು ಅಲುಗುತ್ತಿದ್ದರೆ, ನಡೆಯದ ವರ್ಷಗಳೆಲ್ಲ ಒಂದೊಂದಾಗಿ ಎದ್ದು ಬಂದು ನಮ್ಮ ಹಿಂದಿನ ಬೆಂಚಿನಲ್ಲಿ ಕುಳಿತಂತೆ ನನಗೆ ತೋರುತ್ತಿತ್ತು. ನಿದ್ದೆಗೂ ಆ ಪಾಠಕ್ಕೂ ಬಹಳ ದೂರವಿರಲಿಲ್ಲ. ಮೇಡಂ ಅದನ್ನು ಬಲ್ಲವರಾಗಿದ್ದರಿಂದ ತೂಕಡಿಸುವವರನ್ನು ಎಂದೂ ಬಯ್ಯಲಿಲ್ಲ.

ಅವರು ಹುಟ್ಟಿದ್ದು ಬನಹಟ್ಟಿಯ ನೇಕಾರ ಮನೆತನದಲ್ಲಿ. ತಂದೆ ಮುದಕಪ್ಪನವರು ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಬಂದ ಪೀಳಿಗೆಯವರು, ತಾಯಿ ಶಂಕ್ರೆವ್ವ ಮನೆಗೆಲಸದ ನಡುನಡುವೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಲೇ ಆರು ಮಕ್ಕಳನ್ನು ಸಾಕಿದವರು. ಬನಹಟ್ಟಿಯ ಮಕ್ಕಳು ಜೋಗುಳಕ್ಕೆ ಮಲಗುವುದಿಲ್ಲ, ಮಗ್ಗದ ಸದ್ದಿಗೆ ಮಲಗುತ್ತವೆ. ಕರೆಂಟು ಹೋಗಿ ಓಣಿಯೆಲ್ಲ ಗಪ್ಪಾದಾಗ ತೊಟ್ಟಿಲ ಕೂಸೂ ಎಚ್ಚರಾಗುತ್ತಿತ್ತಂತೆ. ಗದ್ದಲದಲ್ಲಿ ಸಾವಧಾನವಾಗಿದ್ದು ಮೌನಕ್ಕೆ ಹುಬ್ಬೇರಿಸುವ ಗುಣ ಅವರಿಗೆ ಹುಟ್ಟಿನಿಂದಲೇ ಬಂದದ್ದು.

ಆ ಕಾಲಕ್ಕೆ ಹೆಣ್ಣುಮಕ್ಕಳು ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರುವುದೆಂದರೆ ಊರಿಗೇ ಒಂದು ಸುದ್ದಿ. ಮುದಕಪ್ಪನವರನ್ನು ತಡೆದು ನಿಲ್ಲಿಸಿ ಬುದ್ಧಿ ಹೇಳಿದವರು ಕಡಿಮೆಯಿರಲಿಲ್ಲ. ಮಗಳು ಕರೆಂಟಿನ ಕೆಲಸ ಕಲಿತರೆ ನಮ್ಮ ಮಗ್ಗದ ಮೋಟಾರನ್ನಾದರೂ ರಿಪೇರಿ ಮಾಡಿಕೊಟ್ಟಾಳು ಎಂದು ಅವರು ನಗುತ್ತಲೇ ಎಲ್ಲರ ಬಾಯಿ ಮುಚ್ಚಿಸಿದರಂತೆ. ಮಗಳು ಕಲಿತದ್ದು ಅದಕ್ಕಿಂತ ಬಹಳ ಹೆಚ್ಚು. ಆದರೂ ದೀಪಾವಳಿಗೆ ಊರಿಗೆ ಹೋದಾಗ ಓಣಿಯವರ ಮೋಟಾರುಗಳೆಲ್ಲ ಅವರ ಮನೆಯ ಪಡಸಾಲೆಗೆ ಬಂದು ಸಾಲಾಗಿ ಕೂಡುವುದು ಇಂದಿಗೂ ತಪ್ಪಿಲ್ಲ.

ನಮ್ಮ ಮಹಾವಿದ್ಯಾಲಯಕ್ಕೆ ಅವರು ಉಪನ್ಯಾಸಕಿಯಾಗಿ ಬಂದಾಗ ಪ್ರಯೋಗಾಲಯವೆಂದರೆ ತುಕ್ಕು ಹಿಡಿದ ಎರಡು ಮೋಟಾರು, ಗಾಜು ಒಡೆದ ಕೆಲವು ಮೀಟರು. ನಾನು, ಬಾಳೇಶ, ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಾಲನಿಯಿಂದ ಬಂದ ಹುಡುಗ. ಹಂಗಾಮಿನಲ್ಲಿ ಹಗಲಿರುಳು ಉಗಿ ಬಿಡುವ ಚಿಮಣಿಯನ್ನು ನೋಡುತ್ತ ಬೆಳೆದವನಾದ್ದರಿಂದ ಇಂಧನದ ವಿಷಯ ನನಗೆ ಬಾಯಿಪಾಠ ಎಂಬ ಸೊಕ್ಕು ಇತ್ತು. ಮೇಡಂ ಮೊದಲ ದಿನವೇ ನನ್ನನ್ನು ನಿಲ್ಲಿಸಿ, ಆ ಚಿಮಣಿಯಿಂದ ಹೋಗುವ ಬಿಸಿ ಎಷ್ಟೆಂದು ಯಾವತ್ತಾದರೂ ಯೋಚಿಸಿದ್ದೀಯಾ ಎಂದು ಕೇಳಿದರು. ಸೊಕ್ಕು ಅಲ್ಲಿಗೇ ಇಳಿಯಿತು, ಇಂದಿನವರೆಗೂ ಏರಿಲ್ಲ.

ಅವರ ಉಪಕಾರಗಳನ್ನು ಬರೆಯಹೊರಟರೆ ಈ ಗ್ರಂಥಕ್ಕೆ ಇನ್ನೊಂದು ಸಂಪುಟ ಬೇಕಾದೀತು, ಬರೆದರೆ ಅವರು ನನ್ನ ಮೇಲೆ ಸಿಟ್ಟಾಗುವುದೂ ಖಂಡಿತ. ಆದರೂ ಒಂದೆರಡನ್ನು ಹೇಳದೆ ಬಿಡಲಾರೆ. ಬೀಳಗಿಯ ಅನುರಾಧಾ ಎಂಬ ವಿದ್ಯಾರ್ಥಿನಿಯ ಮದುವೆ ಕೊನೆಯ ಪರೀಕ್ಷೆಗೆ ತುಸು ಮುಂಚೆಯೇ ನಿಶ್ಚಯವಾಗಿ, ಅವಳು ಓದನ್ನು ಕೈಬಿಡುವ ಹಂತಕ್ಕೆ ಬಂದಿದ್ದಳು. ಮೇಡಂ ಯಾರಿಗೂ ಹೇಳದೆ ಬಸ್ಸು ಹತ್ತಿ ಬೀಳಗಿಗೆ ಹೋಗಿ, ಗಂಡಿನ ಮನೆಯ ಹಿರಿಯರ ಮುಂದೆ ಕುಳಿತು, ಸೊಸೆ ಎಂಜಿನಿಯರಾಗಿ ಬರುವುದು ನಿಮಗೇ ಭೂಷಣವಲ್ಲವೇ ಎಂದು ಕೇಳಿ, ಮುಹೂರ್ತವನ್ನು ಮುಂದಕ್ಕೆ ಹಾಕಿಸಿಕೊಂಡು ಬಂದರು. ನನ್ನ ತಂದೆ ಮುಧೋಳದ ಆಸ್ಪತ್ರೆಯಲ್ಲಿದ್ದಾಗ ನನ್ನ ತರಗತಿಗಳನ್ನೆಲ್ಲ ತಾವೇ ತೆಗೆದುಕೊಂಡದ್ದಲ್ಲದೆ, ದಿನವೂ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಮುಧೋಳದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಿದ್ದರು. ನಮ್ಮ ಅಪ್ಪ ಗುಣವಾದ ಮೇಲೆ, ರೋಗಕ್ಕಿಂತ ಆ ರೊಟ್ಟಿಯನ್ನೇ ಹೆಚ್ಚು ನೆನೆಯುತ್ತಿದ್ದರು.

ಸೈನಿಕ ನೆಲೆಗಳ ಕೆಲಸ ನಮ್ಮ ಮಹಾವಿದ್ಯಾಲಯಕ್ಕೆ ಬಂದದ್ದು ತೀರ ಆಕಸ್ಮಿಕ. ಮರುಭೂಮಿಯ ಅಂಚಿನ ಒಂದು ನೆಲೆಯಲ್ಲಿ ಪಂಪುಗಳನ್ನೂ ಬೀದಿದೀಪಗಳನ್ನೂ ಕಂಪ್ಯೂಟರಿಗೆ ಜೋಡಿಸಿದ್ದರು. ಉಳಿತಾಯವನ್ನು ಪರಿಶೀಲಿಸಲು ಯಾವ ಪಕ್ಷಕ್ಕೂ ಸೇರದ ಸಂಸ್ಥೆಯೊಂದು ಬೇಕಾಗಿತ್ತು. ನಾವು ಹೋದಾಗ ಅಲ್ಲಿ ಆಗಲೇ ಸನ್ಮಾನದ ಸಿದ್ಧತೆ ನಡೆದಿತ್ತು, ಅಷ್ಟು ಭರ್ಜರಿ ಉಳಿತಾಯ. ಮೇಡಂ ಮೀಟರುಗಳ ಕಡೆ ಹೋಗದೆ ನೇರ ಅಡುಗೆಮನೆಗೆ ಹೋಗಿ, ಈಚೆಗೆ ದಿನಕ್ಕೆ ಎಷ್ಟು ಜನಕ್ಕೆ ಚಪಾತಿ ಮಾಡುತ್ತೀರಿ ಎಂದು ವಿಚಾರಿಸಿದರು. ಪಡೆಯ ಬಹುಭಾಗ ತಾಲೀಮಿಗೆಂದು ಬೇರೆಡೆ ಹೋಗಿತ್ತು. ಉಂಡು ಮಲಗುವವರೇ ಇಲ್ಲದ ಕಡೆ ದೀಪ ಉರಿಯದೇ ಇರುವುದಕ್ಕೆ ಕಂಪ್ಯೂಟರಿನ ಜಾಣತನ ಬೇಕಾಗಿಲ್ಲ. ಸನ್ಮಾನಕ್ಕೆ ತಂದ ಹಾರವನ್ನು ಯಾರಿಗೆ ಹಾಕುವುದೆಂದು ತೋಚದೆ ಕೊನೆಗೆ ನಮ್ಮ ಮೇಡಂ ಕೊರಳಿಗೇ ಹಾಕಿದರು.

ಇನ್ನೊಂದು ನೆಲೆಯಲ್ಲಿ, ಮನುಷ್ಯರ ಸುಳಿವು ಹತ್ತಿದರೆ ಮಾತ್ರ ಹತ್ತಿಕೊಳ್ಳುವ ದೀಪಗಳನ್ನು ಹಾಕಿದ್ದರು. ಬೇಲಿಯ ಒಂದು ಬದಿಯ ದೀಪಗಳು ಮಾತ್ರ ಆರುತ್ತಲೇ ಇರಲಿಲ್ಲ. ಯಂತ್ರ ಕೆಟ್ಟಿದೆಯೆಂದು ದೀಪ ಜೋಡಿಸಿದ ಕಂಪನಿಯವರು ತಲೆ ಕೆರೆದುಕೊಳ್ಳುತ್ತಿದ್ದಾಗ ಮೇಡಂ ಸಂಜೆ ಆ ಬೇಲಿಗುಂಟ ನಡೆದು ಬಂದು ನಕ್ಕುಬಿಟ್ಟರು. ಅಲ್ಲಿ ನಮ್ಮ ಮುಧೋಳ ತಳಿಯ ನಾಯಿಗಳಿಗೆ ಓಟದ ತರಬೇತಿ ನಡೆಯುತ್ತಿತ್ತು. ನಮ್ಮೂರಿನ ನಾಯಿಯ ಕಾಲು ಎಂಥದೆಂದು ಆ ಕಂಪ್ಯೂಟರಿಗೇನು ಗೊತ್ತು? ಹೀಗೆ, ಕಾಗದದ ಮೇಲಿನ ಅಂಕಿ ಯಾವ ನೆಲದಿಂದ ಎದ್ದು ಬಂದಿದೆಯೋ ಆ ನೆಲವನ್ನು ಒಮ್ಮೆ ತುಳಿದು ಬರದೆ ಯಾವುದಕ್ಕೂ ಸೈ ಎನ್ನದಿರುವುದು ಅವರ ಕೆಲಸದ ರೀತಿಯಾಯಿತು.

ಈ ತಿರುಗಾಟಗಳ ನಡುವೆ ಅವರ ಮನಸ್ಸಿನಲ್ಲಿ ಒಂದು ಕನಸು ಬೆಳೆಯುತ್ತಿತ್ತು. ಜಮಖಂಡಿಯಲ್ಲಿ ಒಂದು ಇಂಧನ ಮಾಪನ ಕೇಂದ್ರವಾಗಬೇಕು, ರಬಕವಿಯ ನೇಕಾರರ ಮಕ್ಕಳೂ ತುಬಚಿಯ ರೈತರ ಮಕ್ಕಳೂ ಅಲ್ಲಿ ಕಲಿಯಬೇಕು, ದೇಶದ ಯಾವ ಮೂಲೆಯಲ್ಲಿ ಉಳಿತಾಯದ ಮಾತು ಬಂದರೂ ಜಮಖಂಡಿಯವರನ್ನು ಕರೆಯಿರಿ ಎನ್ನುವಂತಾಗಬೇಕು. ರೈಲಿನ ಕಿಟಕಿಯ ಪಕ್ಕ ಕುಳಿತು ಅವರು ಆ ಕಟ್ಟಡದ ಕೋಣೆಗಳನ್ನು ಒಂದೊಂದಾಗಿ ಬಣ್ಣಿಸುತ್ತಿದ್ದರು. ಎಲ್ಲಿ ಬಾಯ್ಲರು, ಎಲ್ಲಿ ಪಂಪು, ಹುಡುಗಿಯರಿಗೆ ವಿಶ್ರಾಂತಿಯ ಕೋಣೆ ಎಲ್ಲಿ ಎಂದು ಅವರು ಹೇಳುತ್ತಿದ್ದರೆ ಹೊರಗೆ ಓಡುವ ಹೊಲಗಳ ಮೇಲೆ ಆ ಕಟ್ಟಡವೂ ನಮ್ಮ ಜೊತೆಗೆ ತೇಲಿ ಬರುತ್ತಿತ್ತು. ನಾನು ಅದರಲ್ಲಿ ನನಗೊಂದು ಕೋಣೆಯನ್ನೂ ಆರಿಸಿಕೊಂಡಿದ್ದೆ.

ನಿವೃತ್ತಿಗೆ ಎರಡು ಚಳಿಗಾಲ ಬಾಕಿಯಿರುವಾಗ ಆ ಕನಸು ಕೈಗೆಟುಕುವಷ್ಟು ಹತ್ತಿರ ಬಂತು. ಉತ್ತರದ ಬೆಟ್ಟಗಳ ನಡುವಿನ ಒಂದು ನೆಲೆಯಲ್ಲಿ ಮನೆ, ಬ್ಯಾರಕ್ಕು, ಕಚೇರಿಗಳ ಬಿಸಿಯನ್ನೆಲ್ಲ ಒಂದೇ ಕಂಪ್ಯೂಟರು ನಡೆಸುವ ವ್ಯವಸ್ಥೆಯಾಗಿತ್ತು. ಅದರ ಮೌಲ್ಯಮಾಪನ ನಮ್ಮ ಪಾಲಿಗೆ ಬಂತು. ಅದು ಯಾವ ಕೊರತೆಯೂ ಇಲ್ಲದೆ ಪೂರ್ಣಗೊಂಡರೆ ಉಳಿದ ನೆಲೆಗಳ ಮೌಲ್ಯಮಾಪನವನ್ನೂ ನಮಗೇ ಒಪ್ಪಿಸುವುದು, ಅದಕ್ಕಾಗಿ ಜಮಖಂಡಿಯಲ್ಲಿ ಕೇಂದ್ರವನ್ನು ಕಟ್ಟಿಕೊಡುವುದು ಎಂದು ಮಾತಾಗಿತ್ತು. ಕರಾರು ಒಂದೇ. ಅಳತೆಯ ಅವಧಿ ಮುಗಿಯುವವರೆಗೆ ಕಂಪ್ಯೂಟರಿನ ವೇಳಾಪಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಇಡೀ ಮೌಲ್ಯಮಾಪನ ರದ್ದು. ನಡುವೆ ನಿಯಮ ಬದಲಾದರೆ ಅಳತೆಗೆ ಅರ್ಥವಿಲ್ಲವಾದ್ದರಿಂದ ಈ ಕರಾರನ್ನು ಒತ್ತಾಯಿಸಿ ಬರೆಸಿದವರೂ ಮೇಡಂ ಅವರೇ.

ಆ ನೆಲೆಯನ್ನು ನೆನೆದರೆ ಈಗಲೂ ನನಗೆ ಎಚ್ಚರದಲ್ಲಿ ಕಂಡದ್ದೋ ಕನಸಿನಲ್ಲಿ ಕಂಡದ್ದೋ ತಿಳಿಯದಂತಾಗುತ್ತದೆ. ಬೆಳಗಾದರೂ ಬೆಳಗಾಗದ ಮಂಜು, ಮಂಜಿನೊಳಗೆ ಎಲ್ಲಿಂದಲೋ ಕೇಳುವ ಬೂಟುಗಳ ಸದ್ದು, ಹಿಮ ಹೊತ್ತ ದೇವದಾರುಗಳು ಒಮ್ಮೊಮ್ಮೆ ತಮ್ಮಷ್ಟಕ್ಕೆ ಭಾರ ಇಳಿಸುವ ಮೆತ್ತನೆಯ ಶಬ್ದ. ಬಿಸಿಲನ್ನೇ ಉಂಡು ಬೆಳೆದ ನಮ್ಮ ಕಡೆಯವರಿಗೆ ಬಿಳಿಯ ಬಣ್ಣ ಇಷ್ಟೊಂದು ಇರಬಹುದೆಂಬ ಕಲ್ಪನೆಯೂ ಇರುವುದಿಲ್ಲ. ಮೇಡಂ ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ಸೈನ್ಯದವರು ಕೊಟ್ಟ ಭಾರದ ಕೋಟು ಹಾಕಿಕೊಂಡು ಆ ಬೆಳ್ಳಗಿನೊಳಗೆ ನಡೆಯುತ್ತಿದ್ದರೆ ನಾನು ಅವರ ಹೆಜ್ಜೆಯ ಗುರುತು ನೋಡಿಕೊಂಡು ಹಿಂದೆ ಹೋಗುತ್ತಿದ್ದೆ.

ಅಳತೆ ಮುಗಿಯಲು ಎರಡೇ ದಿನ ಬಾಕಿಯಿತ್ತು. ಚಳಿಯ ಹೆಚ್ಚುಕಡಿಮೆ, ಜನರ ಹೆಚ್ಚುಕಡಿಮೆಗಳನ್ನೆಲ್ಲ ತೆಗೆದ ಮೇಲೂ ಉಳಿತಾಯ ಚೆನ್ನಾಗಿಯೇ ಕಾಣುತ್ತಿತ್ತು. ಕಂಪ್ಯೂಟರು ಅಳವಡಿಸಿದ ಕಂಪನಿಯ ಪ್ರತಿನಿಧಿ, ಮಿತಭಾಷಿಯಾದ ಒಬ್ಬ ತರುಣ ಎಂಜಿನಿಯರ್, ಆಗಲೇ ನಮಗೆ ಸಿಹಿ ಹಂಚಿದ್ದ. ಮೇಡಂ ಮಾತ್ರ ಸಿಹಿಯನ್ನು ಕೈಯಲ್ಲೇ ಹಿಡಿದುಕೊಂಡು, ಸಂಸಾರವಂದಿಗರ ಮನೆಗಳ ಸಾಲಿನ ಅಂಕಿಗಳನ್ನು ನೋಡುತ್ತ ಕುಳಿತರು. ಬ್ಯಾರಕ್ಕುಗಳಿಗಿಂತ, ಕಚೇರಿಗಳಿಗಿಂತ ಅಲ್ಲಿಯ ಉಳಿತಾಯ ಬಹಳ ದೊಡ್ಡದಾಗಿತ್ತು. ಕಾರಣವನ್ನು ತರುಣ ವಿವರಿಸಿದ. ಜವಾನರು ಹಗಲೆಲ್ಲ ಕೆಲಸದ ಮೇಲೆ ಇರುವುದರಿಂದ ಆ ಮನೆಗಳ ಬಿಸಿಯನ್ನೂ ಬಿಸಿನೀರನ್ನೂ ಕಂಪ್ಯೂಟರು ಬೆಳಿಗ್ಗೆ ನಿಲ್ಲಿಸಿ ಕತ್ತಲಾದ ಮೇಲೆ ಬಿಡುತ್ತದೆ. ಒಳಗಿನ ಬಿಸಿ ಹೊರಗೆ ಹೋಗದಂತೆ ಕಿಟಕಿಯ ಸಂದುಗಳಿಗೆಲ್ಲ ರಬ್ಬರಿನ ಪಟ್ಟಿ ಹಚ್ಚಿ, ಮೇಲಿನ ಗಾಳಿಗಂಡಿಗಳನ್ನೂ ಮುಚ್ಚಲಾಗಿದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ. ಜವಾನರು ಹೊರಗಿರುತ್ತಾರೆ ಸರಿ, ಅವರ ಹೆಂಡಿರು ಮಕ್ಕಳು ಎಲ್ಲಿರುತ್ತಾರೆ?

ಉತ್ತರಕ್ಕೆ ಕಾಯದೆ ಅವರು ಎದ್ದರು. ಆ ಸಾಲಿನಲ್ಲಿ ನಮ್ಮವರ ಮನೆಯೊಂದಿತ್ತು. ಬೀಳಗಿ ತಾಲ್ಲೂಕಿನ ಅನಗವಾಡಿಯ ಹವಾಲ್ದಾರ ಅಮಸಿದ್ದಪ್ಪ, ನಾವು ಬಂದ ದಿನವೇ ಕನ್ನಡ ಕೇಳಿ ಓಡಿ ಬಂದು ಕಾಲಿಗೆರಗಿದ್ದ, ಒಮ್ಮೆಯಾದರೂ ಮನೆಗೆ ಬಂದು ಚಹಾ ಕುಡಿಯಬೇಕೆಂದು ದಿನವೂ ದುಂಬಾಲು ಬೀಳುತ್ತಿದ್ದ. ಅವನ ಹೆಂಡತಿ ಹೊಳೆವ್ವ ಹಡೆದು ಇನ್ನೂ ತಿಂಗಳಾಗಿರಲಿಲ್ಲ. ಬಾಣಂತನ ಮಾಡಲು ಅವನ ತಾಯಿ ಸಿದ್ದಕ್ಕ ಊರಿಂದ ಬಂದಿದ್ದಳು. ಅಮಸಿದ್ದಪ್ಪ ಕೆಲಸದ ಮೇಲಿದ್ದ ಆ ಮಧ್ಯಾಹ್ನ ನಾವಿಬ್ಬರೂ ಅವನ ಮನೆಯ ಕದ ತಟ್ಟಿದೆವು.

ಒಳಗೆ ಕಾಲಿಟ್ಟಾಗ ಆದ ಹಿತವನ್ನು ಹೇಗೆ ಬರೆಯಲಿ? ಹೊರಗಿನ ಆ ಕೊರೆತದಿಂದ ಒಮ್ಮೆಲೇ ನಮ್ಮ ಕಡೆಯ ಬಾಣಂತಿ ಕೋಣೆಗೆ ಬಂದುಬಿಟ್ಟಿದ್ದೆವು. ಲೋಬಾನದ ವಾಸನೆ, ಅಜವಾನದ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ. ಮಂಚದ ಕೆಳಗೆ ಶೇಗಡಿ, ಅದರಲ್ಲಿ ಬೂದಿ ಹೊದ್ದ ಇದ್ದಲಿನ ಕೆಂಡ. ಹಗಲು ಬಿಸಿ ಬಾರದೆ ಸೊಸೆಗೆ ಕಾಯಿಸಿಕೊಳ್ಳಲು ಏನೂ ಇಲ್ಲವೆಂದು ಸಿದ್ದಕ್ಕ ಪೇಟೆಯಿಂದ ಇದ್ದಲು ತರಿಸಿದ್ದಳು. ಹಸಿ ಬಾಣಂತಿಗೆ ಗಾಳಿ ತಾಗಬಾರದೆಂದು ಬಾಗಿಲ ಕೆಳಗಿನ ಸಂದಿಗೂ ಹಳೆಯ ಸೀರೆಯನ್ನು ಮಡಿಸಿ ತುರುಕಿದ್ದಳು. ನಾನು ಗೋಡೆಗೆ ಒರಗಿ ಕುಳಿತೆ. ಕಣ್ಣು ತಾನೇ ಎಳೆಯತೊಡಗಿತು. ದೂರದಲ್ಲಿ ಸಮೀರವಾಡಿಯ ಕಾರ್ಖಾನೆಯ ಭೋಂಗಾ ಊದಿದಂತೆ, ಅಪ್ಪ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬಂದಂತೆ, ಹಬ್ಬದ ಹೂರಣ ಕುದಿಯುತ್ತಿರುವಂತೆ ಏನೇನೋ ತೋರಿತು. ಅಷ್ಟು ಸುಖದ ಮಂಪರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೊಳೆವ್ವ ಗೋಡೆಯ ಕಡೆ ಹೊರಳಿ, ತಲೆ ಸಿಡಿಯುತ್ತದೆ ಎಂದು ತೊದಲುತ್ತ ಹೇಳಿದಳು. ಸಿದ್ದಕ್ಕ ತನಗೂ ಮುಂಜಾನೆಯಿಂದ ಕಣ್ಣು ಕತ್ತಲೆ ಬಂದಂತಾಗುತ್ತಿದೆ, ಈ ಸೀಮೆಯ ಹವೆ ನಮಗೆ ಹಿಡಿಸಿಲ್ಲ ಎಂದಳು. ಆಮೇಲೆ ಅರಿವೆಯಲ್ಲಿ ಸುತ್ತಿ ಮಲಗಿಸಿದ ಮೊಮ್ಮಗನನ್ನು ತೋರಿಸಿ ಹೆಮ್ಮೆಯಿಂದ ನಕ್ಕಳು.

“ಕೂಸು ಭಾಳ ಶಾಣ್ಯಾ ಐತ್ರಿ ಅಕ್ಕಾರ. ಮುಂಜಾನಿಂದ ಒಂದ ಸಲಾನೂ ಅತ್ತಿಲ್ಲ.”

ಮೇಡಂ ಸಿದ್ದಕ್ಕ ಕೊಟ್ಟ ಚಹಾದ ಬಟ್ಟಲನ್ನು ನೆಲಕ್ಕಿಟ್ಟರು. ಕೂಸಿನ ಕೆನ್ನೆ ಮುಟ್ಟಿದರು, ಅಂಗಾಲನ್ನು ಬೆರಳಿನಿಂದ ತಟ್ಟಿದರು. ಕೂಸು ಮಿಸುಕಲಿಲ್ಲ.

“ಬಾಳೇಶ, ಕಿಡಕಿ ತಗಿ. ಮದ್ಲ ಕಿಡಕಿ ತಗಿ.”

ಅವರ ಧ್ವನಿಯಲ್ಲಿ ಗಾಬರಿಯಿರಲಿಲ್ಲ, ಆದರೆ ಆ ಧ್ವನಿಗೆ ನಾನು ಮಂಪರಿನಿಂದ ಎದ್ದು ನಿಂತೆ. ಕಾಲುಗಳು ನನ್ನವಲ್ಲ ಅನಿಸುತ್ತಿತ್ತು. ಪಟ್ಟಿ ಬಡಿದ ಕಿಟಕಿ ಒಂದೇಟಿಗೆ ತೆರೆಯಲಿಲ್ಲ. ಪೆಟ್ಟಿಗೆಯಿಂದ ಇಕ್ಕಳ ತೆಗೆದು ಆ ರಬ್ಬರನ್ನು ಕಿತ್ತು ಜಗ್ಗಬೇಕಾಯಿತು. ಅಷ್ಟರಲ್ಲಿ ಮೇಡಂ ಸೆರಗನ್ನು ಕೈಗೆ ಸುತ್ತಿಕೊಂಡು ಶೇಗಡಿಯನ್ನು ಎತ್ತಿ ಹೊರಗಿನ ಹಿಮಕ್ಕೆ ಎಸೆದು, ಕೂಸನ್ನು ಕೋಟಿನೊಳಗೆ ಅವುಚಿಕೊಂಡು ಪಡಸಾಲೆಗೆ ನಡೆದಿದ್ದರು. ಸಿದ್ದಕ್ಕ ಹೌಹಾರಿ ಅವರ ತೋಳು ಹಿಡಿದಳು.

“ಹಸಿ ಬಾಣಂತಿ ಅದಾಳ್ರಿ. ಗಾಳಿ ಹೊಕ್ಕರ ಸನ್ನಿ ಆಗತೈತಿ. ಕೂಸಿನ್ನ ಕೊಡ್ರಿ ಇಲ್ಲೆ.”

ಮೇಡಂ ಕೊಡಲಿಲ್ಲ. ಹೊಳೆವ್ವನನ್ನು ಎಬ್ಬಿಸಿ ಹೊರಗೆ ತರಲು ನನಗೆ ಹೇಳಿ, ತಾವು ಕೂಸಿನ ಬೆನ್ನು ಉಜ್ಜುತ್ತ ಆ ಬಿಳಿಯ ಬೆಳಕಿನಲ್ಲಿ ನಿಂತರು. ನಾನು ಹೊಳೆವ್ವನನ್ನು ಆತುಕೊಂಡು ಹೊರಗೆ ತಂದು ಕೂರಿಸಿದೆ. ಮೇಡಂ ಎಷ್ಟು ಹೊತ್ತು ನಿಂತರೋ ನನಗೆ ತಿಳಿಯದು. ಮಂಜು ಪಡಸಾಲೆಯ ಅಂಚಿನವರೆಗೂ ಬಂದಿತ್ತು, ಲೋಕದಲ್ಲಿ ಬೇರೇನೂ ಉಳಿದಿಲ್ಲವೆನ್ನುವಷ್ಟು ನಿಶ್ಶಬ್ದವಿತ್ತು. ಆಮೇಲೆ ಕೋಟಿನೊಳಗಿಂದ ಬೆಕ್ಕಿನ ಮರಿಯ ದನಿಯಂಥದೊಂದು ಕೇಳಿಸಿತು. ಮತ್ತೆ ಕೇಳಿಸಿತು. ಕೂಸು ಕೈಕಾಲು ಬಡಿದು ಗಟ್ಟಿಯಾಗಿ ಅಳತೊಡಗಿದಾಗ ಸಿದ್ದಕ್ಕ ನೆಲಕ್ಕೆ ಕುಸಿದು ಕುಳಿತಳು. ನನಗೂ ಅಳು ಬಂತು, ಬರೆಯಲು ನಾಚಿಕೆಯೇನಿಲ್ಲ.

ಸೈನ್ಯದ ಆಸ್ಪತ್ರೆಯವರು ಬಂದು ಮೂವರನ್ನೂ ಕರೆದೊಯ್ದು ಆರೈಕೆ ಮಾಡಿದರು. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿದು, ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ತುಂಬಿತ್ತು. ಇನ್ನೊಂದು ತಾಸು ಹಾಗೇ ಮಲಗಿದ್ದರೆ ಆ ಶಾಣ್ಯಾ ಕೂಸು ಮತ್ತೆಂದೂ ಅಳುತ್ತಿರಲಿಲ್ಲವೆಂದು ವೈದ್ಯರು ಹೇಳಿದರು. ಸಿದ್ದಕ್ಕನ ಕಣ್ಣೀರು ನಿಲ್ಲಲೇ ಇಲ್ಲ. ತನ್ನ ಕೈಯಾರೆ ಮೊಮ್ಮಗನನ್ನು ಕೊಲ್ಲುತ್ತಿದ್ದೆನಲ್ಲ ಎಂದು ಹಣೆ ಬಡಿದುಕೊಳ್ಳುತ್ತಿದ್ದ ಅವಳ ಪಕ್ಕದಲ್ಲಿ ಮೇಡಂ ಕುಳಿತು, ಕೈಹಿಡಿದು ಹೇಳಿದ ಮಾತು ಇದು.

“ನಿಮ್ಮ ತಪ್ಪಲ್ಲವ್ವಾ. ಊರ ಮನಿಗಿ ಮ್ಯಾಲ ಬೆಳಕಿಂಡಿ ಇರತೈತಿ, ಕೆಟ್ಟ ಗಾಳಿ ಹೊರಗ ಹೋಗತೈತಿ. ಈ ಮನಿಗಿ ಅದನ್ನೂ ಮುಚ್ಯಾರ.”

ನಮ್ಮ ಅಜ್ಜಿ ಮುತ್ತಜ್ಜಿಯರೆಲ್ಲ ಹೀಗೆಯೇ ಶೇಗಡಿ ಇಟ್ಟು, ಹೀಗೆಯೇ ಬಾಗಿಲು ಹಾಕಿ ಬಾಣಂತನ ಮಾಡಿದವರು. ಮಾಳಿಗೆಯ ಬೆಳಕಿಂಡಿ ಅವರನ್ನು ಕಾಯುತ್ತಿತ್ತು, ಅದು ಕಾಯುತ್ತಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಸಂಜೆಯೊಳಗೆ ಮೇಡಂ ಸಾಲಿನ ಉಳಿದ ಮನೆಗಳನ್ನೂ ಸುತ್ತಿ ಬಂದರು. ಒಂದು ಮನೆಯಲ್ಲಿ ಕಟ್ಟಿಗೆ ಒಲೆ, ಇನ್ನೊಂದರಲ್ಲಿ ಸೀಮೆಎಣ್ಣೆಯದು, ಮತ್ತೊಂದರಲ್ಲಿ ಮಕ್ಕಳೆಲ್ಲ ಹಗಲೆಲ್ಲ ಒಂದೇ ರಜಾಯಿಯೊಳಗೆ. ಯಾರೂ ದೂರಿರಲಿಲ್ಲ. ದೇಶಕ್ಕೆ ಉಳಿತಾಯವಾಗುತ್ತದೆಂದರೆ ನಾವು ಇಷ್ಟು ಸಹಿಸಬಾರದೇ ಎಂದು ಒಬ್ಬಾಕೆ ನಗುತ್ತಲೇ ಹೇಳಿದಳು. ಅಲ್ಲಿಂದ ಮೇಡಂ ನೇರ ನೆಲೆಯ ಮುಖ್ಯಸ್ಥರಾದ ಕರ್ನಲ್ ಅವರ ಕೋಣೆಗೆ ಹೋದರು.

ಕರ್ನಲ್ ಅವರು ಸಜ್ಜನರು. ವಿಷಯ ಕೇಳಿ ಅವರ ಮುಖ ಬಿಳುಪೇರಿತು. ಕಂಪನಿಯ ತರುಣನೂ ಕೆಟ್ಟವನಲ್ಲ, ಕಟ್ಟಿದ ಸ್ವಪ್ನ ಕುಸಿಯುವಾಗ ಯಾರಾದರೂ ಹೇಳುವುದನ್ನೇ ಅವನೂ ಹೇಳಿದ. ಅಮಸಿದ್ದಪ್ಪನ ಮನೆಯವರು ಹೇಗೂ ಆಸ್ಪತ್ರೆಯಲ್ಲಿದ್ದಾರೆ. ಉಳಿದವರಿಗೆ ಒಲೆ ಹಚ್ಚಬೇಡಿರೆಂದು ಸೂಚನೆ ಕೊಡೋಣ. ಎರಡು ದಿನ ಕಳೆದರೆ ಅಳತೆ ಪೂರ್ಣವಾಗುತ್ತದೆ, ಆಮೇಲೆ ವೇಳಾಪಟ್ಟಿಯನ್ನು ಹೇಗೆ ಬೇಕಾದರೂ ಬದಲಿಸಬಹುದು. ಈಗಲೇ ಮುಟ್ಟಿದರೆ ಎಲ್ಲ ರದ್ದಾಗುತ್ತದೆ, ನಿಮ್ಮ ಜಮಖಂಡಿಯ ಕೇಂದ್ರವೂ ಸೇರಿ. ನಿಜ ಹೇಳುತ್ತೇನೆ, ಅವನ ಮಾತು ನನಗೆ ಅಸಂಗತವೆನಿಸಲಿಲ್ಲ.

ಮೇಡಂ ತಮಗೆ ಬಂದ ಹಿಂದಿಯಲ್ಲಿ ಏನೋ ಹೇಳಹೊರಟು, ಮಾತು ಸಿಗದೆ ತಡವರಿಸಿ, ನನ್ನ ಕಡೆ ತಿರುಗಿದರು.

“ಉಪವಾಸಕ್ಕ ಉಳಿತಾಯ ಅನ್ನಾಕ ಬರೂದಿಲ್ಲ ಅಂತ ಹೇಳೋ ಇವರಿಗಿ. ಇವತ್ತಿಂದನ ಹಗಲೂ ಬಿಸಿ ಬಿಡಬೇಕು, ಕಂಡಿ ತೆಗೀಬೇಕು.”

ನಾನು ಹೇಳಿದೆ. ಹೇಳುವಾಗ ನನ್ನ ಹಿಂದಿಯೂ ನೆಟ್ಟಗಿರಲಿಲ್ಲ. ಮೌಲ್ಯಮಾಪಕರೇ ಬೇಡಿಕೆ ಕೊಟ್ಟರೆ ಕರಾರು ಮುರಿದಂತೆಂದು ಕರ್ನಲ್ ಅವರು ಇನ್ನೊಮ್ಮೆ ನೆನಪಿಸಿದರು. ಮೇಡಂ ತಲೆಯಾಡಿಸಿ ಅಲ್ಲೇ ನಿಂತು ಒಂದು ಹಾಳೆಯ ಮೇಲೆ ಬೇಡಿಕೆ ಬರೆದು ರುಜು ಹಾಕಿದರು. ಕತ್ತಲಾಗುವ ಮುಂಚೆ ಆ ಸಾಲಿನ ಮನೆಗಳ ಕೊಳವೆಗಳಲ್ಲಿ ಬಿಸಿನೀರು ಹರಿಯತೊಡಗಿತು. ಕಿಟಕಿಗಳ ಮೇಲೆ ಒಂದೊಂದಾಗಿ ಆವಿ ಕಟ್ಟುವುದನ್ನು ನಾವು ಅತಿಥಿಗೃಹದ ಮೆಟ್ಟಿಲ ಮೇಲೆ ನಿಂತು ನೋಡಿದೆವು.

ಮೌಲ್ಯಮಾಪನ ರದ್ದಾಯಿತು. ಉಳಿದ ನೆಲೆಗಳ ಕೆಲಸ ಬೇರೆ ಸಂಸ್ಥೆಗೆ ಹೋಯಿತು. ಜಮಖಂಡಿಯ ಕೇಂದ್ರಕ್ಕೆಂದು ಗುರುತು ಹಾಕಿದ ಜಾಗದಲ್ಲಿ ಈಗ ವಿದ್ಯಾರ್ಥಿಗಳು ಮೋಟಾರ್ ಸೈಕಲ್ ನಿಲ್ಲಿಸುತ್ತಾರೆ. ಕೆಲಸ ಪಡೆದ ಆ ಸಂಸ್ಥೆಯವರು, ಮನೆಯಲ್ಲಿರುವವರಿಗೆ ಮೊದಲಿನಷ್ಟೇ ಬಿಸಿ ಸಿಗುತ್ತಿದೆಯೇ ಎಂದು ನೋಡಿದ ಮೇಲೆಯೇ ಉಳಿತಾಯ ಎಣಿಸತಕ್ಕದ್ದು ಎಂಬ ನಿಯಮವನ್ನು ಪಾಲಿಸುತ್ತಾರೆಂದು ಕೇಳಿದ್ದೇನೆ. ಆ ನಿಯಮ ಎಲ್ಲಿಂದ ಬಂತೆಂದು ಅವರಿಗೆ ತಿಳಿದಿರಲಾರದು. ಮೇಡಂ ಇದನ್ನು ಕಾಲೇಜಿನ ಯಾವ ಸಭೆಯಲ್ಲೂ ಹೇಳಿಕೊಳ್ಳಲಿಲ್ಲ, ಆಡಳಿತ ಮಂಡಳಿಯವರು ಅವಕಾಶ ತಪ್ಪಿತೆಂದು ಮುಖ ಗಂಟಿಕ್ಕಿದಾಗಲೂ ಸುಮ್ಮನಿದ್ದರು. ಇಲ್ಲಿ ಬರೆಯುವುದಕ್ಕೆ ಅವರ ಅಪ್ಪಣೆ ನಾನು ಕೇಳಿಲ್ಲ. ಕೇಳಿದ್ದರೆ ಸಿಗುತ್ತಿರಲಿಲ್ಲ.

ನನಗೆ ಮಾತ್ರ ಒಳಗೊಳಗೇ ಕೊರಗಿತ್ತು. ರೈಲಿನ ಕಿಟಕಿಯಾಚೆ ತೇಲಿ ಬರುತ್ತಿದ್ದ ಆ ಕಟ್ಟಡ ನನ್ನ ಕಣ್ಣಿನಿಂದ ಅಳಿಸಿರಲಿಲ್ಲ. ಹೋದ ತಿಂಗಳು ಇಬ್ಬರೂ ಜಮಖಂಡಿಯಿಂದ ಬನಹಟ್ಟಿಗೆ ಬಸ್ಸಿನಲ್ಲಿ ಹೋಗುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. ಎರಡೇ ದಿನ, ಸೂಚನೆಯನ್ನಂತೂ ಕೊಡುತ್ತಿದ್ದರು, ಎರಡು ದಿನ ಕಾಯ್ದಿದ್ದರೆ ಏನಾಗುತ್ತಿತ್ತು ಮೇಡಂ? ಬಸ್ಸು ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ನಿಧಾನವಾಗಿ ಸಾಗಿತ್ತು. ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

“ಇನ್ನೊಂದ ಮನ್ಯಾಗ ಕೂಸು ಅಳೂದು ನಿಲ್ಲಸ್ತಿತ್ತು, ಬಾಳೇಶ. ನಾವು ಅಲ್ಲಿ ಇರತಿದ್ದಿಲ್ಲ.”

ನನ್ನ ಕೊರಗು ಆ ಬಸ್ಸಿನಲ್ಲೇ ಇಳಿದುಹೋಯಿತು.

ನಿವೃತ್ತಿಯೆಂಬುದು ಅವರ ಮಟ್ಟಿಗೆ ಹಾಜರಿಗೆ ಮಾತ್ರ ಸಂಬಂಧಿಸಿದ್ದು. ಆಗಲೇ ರಬಕವಿ-ಬನಹಟ್ಟಿಯ ನೇಕಾರರ ಮನೆಗಳಿಗೆ ಹೋಗಿ, ಮಗ್ಗದ ಕೋಣೆಗಳ ಬೆಳಕು, ಗಾಳಿ, ವಿದ್ಯುತ್ತುಗಳನ್ನು ಅಳೆಯುವ ಕೆಲಸವನ್ನು ಅವರು ಸ್ವಂತಕ್ಕೆ ಹಚ್ಚಿಕೊಂಡಿದ್ದಾರೆ. ಪೆಟ್ಟಿಗೆ ಹೊರಲು ನಾನು ರವಿವಾರಗಳನ್ನು ಬಿಟ್ಟುಕೊಟ್ಟಿದ್ದೇನೆ. ಅವರಿಗೆ ತುಂಬಿದ ಆಯುಷ್ಯ ಬರಲಿ, ಕಣ್ಣು ಕಾಲುಗಳ ಚುರುಕು ಮಾಸದಿರಲಿ, ಅವರ ಕೈಯಲ್ಲಿ ಕಲಿತ ನಮಗೆಲ್ಲ ಅವರಷ್ಟು ಅನುಮಾನ, ಅವರಷ್ಟು ಅಂತಃಕರಣ ಬರಲಿ. ಇನ್ನೂ ಎಷ್ಟೋ ವರ್ಷ ಅವರು ಕಂಡರಿಯದವರ ಕದಗಳನ್ನು ತಟ್ಟುತ್ತಿರಲಿ, ತಟ್ಟಿದಾಗಲೆಲ್ಲ ಒಳಗಿನಿಂದ ಒಂದು ಕೂಸು ರಂಪ ಮಾಡಿ ಅಳುವುದು ಅವರಿಗೆ ಕೇಳಿಸಲಿ.